ಹೊರಗಿನಿಂದ ಬಂದವರು

2024ರ ಮೇ 5, ಬಾರಾಮತಿಯಲ್ಲಿ ಲೋಕಸಭೆ ಪ್ರಚಾರದ ಕಡೇ ದಿನ. ಕಣದಲ್ಲಿ ಒಂದೇ ಮನೆತನದ ಇಬ್ಬರು ಹೆಣ್ಣುಮಕ್ಕಳು ಎದುರುಬದುರು. ಒಬ್ಬರು ಶರದ್ ಪವಾರರ ಮಗಳು ಸುಪ್ರಿಯಾ ಸುಳೆ, ಇನ್ನೊಬ್ಬರು ಪವಾರರ ಅಣ್ಣನ ಮಗ ಅಜಿತರ ಹೆಂಡತಿ ಸುನೇತ್ರಾ. ಪಕ್ಕದ ಮನೆಯ ಕಾಕಾ ತುತಾರಿಯ ಸಭೆಗೆಂದು ಸ್ಕೂಟರ್ ತೆಗೆದರು, ನಾನು ಹಿಂದೆ ಕೂತೆ. ಅಷ್ಟೇ ನನ್ನ ನಿಷ್ಠೆ.

ಜನವೋ ಜನ. 'ತಾಯಿ, ತಾಯಿ' ಎಂದು ಕೂಗು. ಮರಾಠಿಯಲ್ಲಿ ಅದು ಅಕ್ಕ. ಹದಿನಾರು ವರ್ಷವಾದರೂ ನನ್ನ ಕಿವಿಗೆ ಮೊದಲು ಅವ್ವನೇ ಬರುತ್ತಾಳೆ. ನಾನೂ ಎಲ್ಲರ ಜೊತೆ ಚಪ್ಪಾಳೆ ಹೊಡೆದೆ. ವಾಪಸು ಬರುವಾಗ ಕಾಕಾ ನನ್ನ ವೋಟಿನ ವಿಚಾರ ತೆಗೆದರು. ಅದು ಊರಲ್ಲಿದೆ, ಇಂಡಿಯಲ್ಲಿ ಅಂದೆ.

"ಮಗ ಟಾಳ್ಯಾ ಕಶಾಲಾ ವಾಜವಲ್ಯಾ?" ಅಂದರು. ಹಂಗಾದರ ಚಪ್ಪಾಳೆ ಯಾಕ ಹೊಡದ್ರಿ?

ಕಾಕಾ ನಗುತ್ತಲೇ ಕೇಳಿದ್ದು. ಆದರೆ ವೇದಿಕೆಯ ಮೇಲಿದ್ದವರು ತಲೆ ಎಣಿಸುವಾಗ ನನ್ನದನ್ನೂ ಎಣಿಸಿರುತ್ತಾರೆ. ಅದು ಖೋಟಾ ನಾಣ್ಯ. ಆಚೆ ಇಂಡಿಯಲ್ಲಿ ನಡೆಯುತ್ತಿದ್ದದ್ದೂ ಅದೇ. ನಾನು ನಡೆಯದ ರಸ್ತೆಗೆ, ಕುಡಿಯದ ನೀರಿಗೆ ಯಾರು ಹೊಣೆ ಅಂತ ನಾನು ಹೇಳಿ ಬರುತ್ತಿದ್ದೆ. ಆಮೇಲೆ ಅನುಭವಿಸುವವರು ಅಲ್ಲಿದ್ದವರು. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟ: ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲೇ ಹೆಸರು, ಊರಲ್ಲಿ ಮನೆಯಿದೆ ಎಂಬುದಷ್ಟೇ ಸಾಲದು, ಎರಡು ಕಡೆ ಅಂತೂ ಕೂಡದು. ನನಗೆ ಗೊತ್ತಿಲ್ಲದ್ದಲ್ಲ. ಹೆಸರು ಬದಲಿಸಿದರೆ ತಿರುಗಿ ಹೋಗುವುದಿಲ್ಲ ಎಂದು ನಾನೇ ಬರೆದುಕೊಟ್ಟಂತೆ ಅನಿಸುತ್ತಿತ್ತು.

ಅದೇ ಏಪ್ರಿಲ್‌ನಲ್ಲಿ ಶರದ್ ಪವಾರರು, ಮೂಲ ಪವಾರರು ಬೇರೆ, ಹೊರಗಿನಿಂದ ಬಂದ ಪವಾರರು ಬೇರೆ ಎಂಬರ್ಥದ ಮಾತಾಡಿ ದೊಡ್ಡ ಗದ್ದಲವಾಗಿತ್ತು. ಸೊಸೆ ಎಷ್ಟು ವರ್ಷಕ್ಕೆ ಮನೆಯವಳಾಗುತ್ತಾಳೆ ಎಂದು ಬಾರಾಮತಿಯ ಚಹಾದಂಗಡಿಗಳಲ್ಲಿ ಹೆಂಗಸರಿಲ್ಲದೆ ಗಂಡಸರೇ ಕೂತು ತೀರ್ಮಾನಿಸುತ್ತಿದ್ದರು! ನಾನು ಸುಮ್ಮನೆ ಚಹಾ ಕುಡಿದೆ. ಸೊಸೆಯಾದರೂ ಬಂದ ಮನೆಯ ಹೆಸರು ಹೊತ್ತಳು. ನಾನು ಅದನ್ನೂ ಮಾಡಿರಲಿಲ್ಲ.

ಮೇ 7ರಂದು ಎರಡೂ ಕಡೆ ಒಂದೇ ದಿನ ಮತದಾನ. ಹಿಂದಿನ ರಾತ್ರಿ ಸೊಲ್ಲಾಪುರದ ಬಸ್ಸು ಹಿಡಿದೆ. ಸಾಲಿನಲ್ಲಿ ನಿಂತಾಗ ಕಾಕನ ಮಗ ಕೇಳಿದ, "ಯಣ್ಣಾ, ಯಾರ್ಯಾರು ನಿಂತಾರ ಗೊತ್ತೈತೇನು?" ಬಾರಾಮತಿಯ ಚಿಹ್ನೆಗಳೆಲ್ಲ ಬಾಯಿಪಾಠ. ಇಲ್ಲಿನವರಲ್ಲಿ ನನಗೆ ಗೊತ್ತಿದ್ದದ್ದು ಎರಡೇ ಹೆಸರು. ಒತ್ತಿ ಬಂದೆ.

ಜೂನ್ 4ರಂದು ಸುಳೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಕಾಕಾ ಪೇಢೆ ಕೊಟ್ಟರು, ತಿಂದೆ. ವಿಳಾಸ ಬದಲಾವಣೆಗೆಂದು ನಮೂನೆ 8 ತುಂಬಿಟ್ಟು ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ಹೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೆಸರ ತಗಿಸಬ್ಯಾಡಪಾ. ಅದರ ನೆವದಾಗರೇ ಬರತಿದ್ದಿ" ಅಂದಳು.