ಗೃಹಸ್ಥನ ಕಡೆಯ ಲೆಕ್ಕ

ಆಸ್ತಿಯನ್ನು ಗಳಿಸುವುದಕ್ಕೆ ಬೇಕಾದ ಎಚ್ಚರ ಬಹುಮಂದಿಗೆ ಉಂಟು. ಅದನ್ನು ಬಿಟ್ಟುಹೋಗುವುದಕ್ಕೆ ಬೇಕಾದ ಎಚ್ಚರ ಕೆಲವರಿಗೆ ಮಾತ್ರ. ಮರಣಾನಂತರದ ಏರ್ಪಾಟಿನ ಮಾತೆತ್ತಿದರೆ ಅಪಶಕುನವೆಂದು ಕೆಲವರು ಮುಖ ತಿರುಗಿಸುವರು. ಮತ್ತೆ ಕೆಲವರು, ‘ಧನವು ದೇವನದು, ಅದರ ಚಿಂತೆ ಭಕ್ತನಿಗೇಕೆ?’ ಎಂದು ವೈರಾಗ್ಯವನ್ನು ಮುಂದಿಡುವರು. ಈ ಎರಡನೆಯ ಮಾತು ವಿಚಾರಕ್ಕೆ ಅರ್ಹವಾದುದು. ಧನವು ದೇವನದೆಂದಾದರೆ ಗೃಹಸ್ಥನು ಅದರ ಪಾರುಪತ್ಯಗಾರನು. ಪಾರುಪತ್ಯಗಾರನಾದವನು ಲೆಕ್ಕವನ್ನು ಒಪ್ಪಿಸದೆ ಎದ್ದುಹೋಗುವುದು ವೈರಾಗ್ಯವಲ್ಲ, ಕರ್ತವ್ಯಲೋಪ.

ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ‘ಎಷ್ಟಿದೆ?’ ಎಂಬುದಕ್ಕಿಂತ ‘ಇದು ನಮ್ಮದೇ?’ ಎಂಬುದು ಆ ತಾಯಿಯ ಮೊದಲ ಪ್ರಶ್ನೆ. ಉಯಿಲು ಬರೆಯುವವನಿಗೂ ಮೊದಲ ಪ್ರಶ್ನೆ ಅದೇ ಆಗಿರಬೇಕು.

ಕಡಬ ತಾಲೂಕಿನ ನೆಟ್ಟಣದ ಕಡೆಯ ಅಡಕೆ ಕೃಷಿಕನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವನು ‘ನನ್ನ ಜಾಗ’ ಎನ್ನುವುದರಲ್ಲಿ ಹಲವು ಬಗೆಗಳುಂಟು. ವರ್ಗ ಜಮೀನು ಅವನ ಹಕ್ಕಿನದು. ಅದಕ್ಕೆ ಹೊಂದಿಕೊಂಡ ಕುಮ್ಕಿಯಾದರೋ ಸರಕಾರದ ಭೂಮಿ. ಸೊಪ್ಪು, ಸೌದೆ, ಮೇವುಗಳ ಸವಲತ್ತು ಮಾತ್ರ ವರ್ಗದಾರನಿಗೆ ಸಲ್ಲುವುದು. ಇನ್ನು 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರಕಾರಕ್ಕೆ ಸೇರಿದ ಬಳಿಕ, ಭೂನ್ಯಾಯಮಂಡಳಿಯಿಂದ ದೊರೆತ ‘ಡಿಕ್ಲರೇಶನ್’ ಜಾಗ. ಅನೇಕ ಕುಟುಂಬಗಳಲ್ಲಿ ದುಡಿದವರು ಅಣ್ಣತಮ್ಮಂದಿರೆಲ್ಲರೂ, ಪಹಣಿಯಲ್ಲಿ ಏರಿದುದು ಹಿರಿಯನೊಬ್ಬನ ಹೆಸರು. ಆ ಹೆಸರನ್ನೇ ಆಧಾರವಾಗಿಟ್ಟು ಎಲ್ಲವನ್ನೂ ತನ್ನ ಮಕ್ಕಳಿಗೆ ಬರೆಯುವುದು ತಮ್ಮಂದಿರ ಬೆವರನ್ನು ದಾನಮಾಡಿದಂತೆ. ಅಂಥ ಉಯಿಲು ನ್ಯಾಯಾಲಯದಲ್ಲಿ ನಿಲ್ಲುವುದೂ ಸಂದೇಹ; ನಿಂತರೂ ಮನಸ್ಸಾಕ್ಷಿಯ ಮುಂದೆ ನಿಲ್ಲದು.

ಬರೆಯದೆ ಸುಮ್ಮನಿರುವುದೂ ಒಂದು ತೀರ್ಮಾನವೇ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಉಯಿಲಿಲ್ಲದೆ ತೀರಿಹೋದ ಪುರುಷನ ಸ್ವಂತ ಆಸ್ತಿಯು ಬದುಕಿರುವ ತಾಯಿಗೂ ಪತ್ನಿಗೂ ಪ್ರತಿಯೊಬ್ಬ ಮಗ-ಮಗಳಿಗೂ ಸಮನಾಗಿ ಹೋಗುವುದು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ 2005ರ ತಿದ್ದುಪಡಿಯು ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತು. 2005ರಲ್ಲಿ ತಂದೆ ಬದುಕಿರಬೇಕೆಂಬ ನಿಬಂಧನೆಯಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ತಂದೆಯು ಉಯಿಲಿನಿಂದ ಕೊಡಬಹುದಾದುದು ತನ್ನ ಪಾಲನ್ನು ಮಾತ್ರ, ಮಗಳ ಪಾಲನ್ನಲ್ಲ.

ನಿಜವಾದ ಧರ್ಮಸಂಕಟ ಇಲ್ಲಿಯೇ. ಒಬ್ಬ ಮಗನು ಇಪ್ಪತ್ತು ವರ್ಷ ಮಳೆಗಾಲದಲ್ಲಿ ಮದ್ದು ಬಿಡಿಸಿ, ಬೇಸಿಗೆಯಲ್ಲಿ ನೀರು ಹಾಯಿಸಿ, ತಾಯಿತಂದೆಯರ ಸೇವೆ ಮಾಡಿ ಮನೆಯಲ್ಲುಳಿದನು. ಇನ್ನೊಬ್ಬನು ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ ಬೆಂಗಳೂರು ಸೇರಿದನು. ಮಗಳು ಮದುವೆಯಾಗಿ ಹೋದಳು. ಮೂವರಿಗೂ ಒಂದೇ ಅಳತೆ ನ್ಯಾಯವೇ? ಕಾಯಕಕ್ಕೆ ಬೆಲೆಯುಂಟೆಂದು ನಂಬಿದವರು ಉಳಿದ ಮಗನ ದುಡಿಮೆಯನ್ನು ಮರೆಯಲಾಗದು. ಆದರೆ ಆ ಋಣವನ್ನು ಮಗಳ ಪಾಲಿನಿಂದ ತೀರಿಸತಕ್ಕುದಲ್ಲ. ‘ಮದುವೆಗೆ ಖರ್ಚು ಮಾಡಿದೆವಲ್ಲ’ ಎಂದು ಹೇಳಿ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ವಾಡಿಕೆಯನ್ನು ಎಲ್ಲರೂ ಬಲ್ಲರು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಾಕಿದ ರುಜು ಮನಃಪೂರ್ವಕವಾದ ತ್ಯಾಗವಲ್ಲ. ದುಡಿದ ಮಗನಿಗೆ ಹೆಚ್ಚು ಕೊಡಬೇಕೆಂದಿದ್ದರೆ ತಂದೆಯು ತನ್ನ ಸ್ವಯಾರ್ಜಿತದಿಂದ ಕೊಡಲಿ. ಕಾರಣವನ್ನು ಉಯಿಲಿನಲ್ಲೇ ಬರೆಯಲಿ. ಬದುಕಿರುವಾಗಲೇ ಮೂವರನ್ನೂ ಕೂರಿಸಿ ಹೇಳಲಿ. ಕಡಿಮೆ ಪಾಲನ್ನು ಸಹಿಸುವ ಮಕ್ಕಳೂ ಗುಟ್ಟನ್ನು ಸಹಿಸರು.

ಮಠಮಂದಿರಗಳಿಗೆ ದಾನ ಬರೆಯುವವರೂ ಮೊದಲು ಪತ್ನಿಯ ವಾಸಕ್ಕೂ ಅನ್ನಕ್ಕೂ ಏರ್ಪಾಟು ಮಾಡಬೇಕು. ಮನೆಯವಳನ್ನು ಪರರ ಕೈ ನೋಡುವಂತೆ ಮಾಡಿ ನಡೆಸಿದ ದಾಸೋಹ ದಾಸೋಹವೆನಿಸದು.

ವಿಧಾನ ಕಠಿಣವಾದುದೇನಲ್ಲ. ಈ ಸೀಮೆಯಲ್ಲಿ ವೀಲುನಾಮೆ ಎಂದು ಕರೆಯುವ ಉಯಿಲಿಗೆ ಸ್ಟಾಂಪು ಕಾಗದ ಬೇಡ, ಬಿಳಿಯ ಹಾಳೆ ಸಾಕು. ಬರೆದವನು ಸ್ವಸ್ಥಬುದ್ಧಿಯಿಂದ ರುಜು ಹಾಕಬೇಕು. ಅದನ್ನು ಕಂಡ ಇಬ್ಬರು ಸಾಕ್ಷಿಗಳು ಅವನೆದುರಿನಲ್ಲೇ ರುಜು ಹಾಕಬೇಕು. ಆಸ್ತಿ ಪಡೆಯುವವರು ಸಾಕ್ಷಿಗಳಾಗದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲ, ಆದರೆ ಮುಂದಿನ ತಕರಾರಿಗೆ ತಡೆ. ಮನಸ್ಸು ಬದಲಾದರೆ ಹೊಸದನ್ನು ಬರೆಯಬಹುದು, ಕಡೆಯದೇ ಊರ್ಜಿತ. ಸರ್ವೆ ನಂಬರುಗಳ ಜೊತೆಗೆ ಕೆರೆಯ ನೀರಿನ ಸರದಿಯನ್ನೂ ತೋಟದ ದಾರಿಯನ್ನೂ ನಮೂದಿಸಬೇಕು. ನೀರಿಲ್ಲದ ಪಾಲು ಪಾಲಲ್ಲ. ಬ್ಯಾಂಕು ಠೇವಣಿಯ ನಾಮಿನಿಯು ಹಣವನ್ನು ಪಡೆಯುವವನೇ ಹೊರತು, ಅದರಿಂದ ಉಳಿದ ವಾರಸುದಾರರ ಹಕ್ಕು ಅಳಿಯದು. ಬದುಕಿರುವಾಗಲೇ ದಾನಪತ್ರ ಬರೆಯುವ ಹಿರಿಯರು ತಮ್ಮ ಆರೈಕೆಯ ಷರತ್ತನ್ನು ಪತ್ರದಲ್ಲೇ ಸೇರಿಸತಕ್ಕುದು. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯಿದೆಯಡಿ ಅಂಥ ವರ್ಗಾವಣೆಯನ್ನು ರದ್ದುಪಡಿಸಬಹುದು.

ಸಾಲವೆಷ್ಟು, ಸಲ್ಲಬೇಕಾದುದು ಯಾರಿಗೆ, ನನ್ನದಲ್ಲದುದು ಯಾವುದು ಎಂದು ಬರೆಯಲು ಕುಳಿತವನಿಗೆ ತನ್ನ ಬಾಳಿನ ನಡೆಯೇ ಹಾಳೆಯ ಮೇಲೆ ಕಾಣಿಸುವುದು. ತಿದ್ದಬೇಕಾದುದು ಕಂಡರೆ ತಿದ್ದುವುದಕ್ಕೆ ಆಗ ಕಾಲವಿರುತ್ತದೆ. ಆದುದರಿಂದ ಗೃಹಸ್ಥರಾದ ನಾವು ಈ ಲೆಕ್ಕವನ್ನು ರೋಗಶಯ್ಯೆಗೆ ಉಳಿಸದೆ, ಕೈ ನಡುಗದಿರುವಾಗಲೇ ಬರೆದಿಡೋಣ.