ಚರ್ಮಗಂಟಿನ ಜಾಡು

2022ರಲ್ಲಿ ಚರ್ಮಗಂಟು ರೋಗ ದೇಶದಲ್ಲಿ ಲಕ್ಷಕ್ಕೂ ಹೆಚ್ಚು ದನಗಳನ್ನು ಬಲಿ ತೆಗೆದುಕೊಂಡಿತು. ಮೈತುಂಬ ಗಂಟೆದ್ದು, ಮೇವು ಬಿಟ್ಟು, ಹಾಲು ಬತ್ತಿದ ಹಸುವಿನ ಮುಂದೆ ಕೂತವರಿಗೆ ಇದು ಎಲ್ಲಿಂದ ಬಂತು ಎಂಬುದೇ ತಿಳಿಯುತ್ತಿರಲಿಲ್ಲ. ಸಂತೆಯಿಂದ ತಂದ ಎತ್ತಿನ ಮೇಲೆ, ಪಕ್ಕದ ಕೊಟ್ಟಿಗೆಯ ಮೇಲೆ ಅನುಮಾನ. ನೊಣ, ಸೊಳ್ಳೆ, ಉಣ್ಣೆಗಳು ಹೊತ್ತು ತರುವ ರೋಗಕ್ಕೆ ಬೇಲಿ ಯಾವುದು?

ಆ ಗಂಟಿನ ಚೂರಿನಲ್ಲೇ ಉತ್ತರದ ಒಂದು ಭಾಗವಿತ್ತು. ಈ ವೈರಾಣುವಿನ ಡಿಎನ್‌ಎ ಸುಮಾರು ಒಂದೂವರೆ ಲಕ್ಷ ಅಕ್ಷರಗಳ ಬರಹ. ನಕಲಾಗುತ್ತ ಹೋದಂತೆ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಪೀಳಿಗೆಗೂ ಉಳಿಯುತ್ತದೆ. ತಪ್ಪುಗಳನ್ನು ಹೋಲಿಸಿದರೆ ಯಾವುದು ಯಾವುದರ ಸಂತತಿ ಎಂದು ತಿಳಿಯುತ್ತದೆ. ಕಾಲುಬಾಯಿ ಜ್ವರದ ವೈರಾಣು ಬಹಳ ಬೇಗ ಬದಲಾಗುವುದರಿಂದ, 2007ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಅದರ ಜಾಡನ್ನು ಒಂದು ಫಾರ್ಮಿನಿಂದ ಇನ್ನೊಂದಕ್ಕೆ ಹಿಡಿದಿದ್ದರು. ಚರ್ಮಗಂಟಿನದು ನಿಧಾನ, ಕೊಟ್ಟಿಗೆ ಕೊಟ್ಟಿಗೆಯ ಲೆಕ್ಕ ಸಿಗದಿದ್ದರೂ ದೂರದ ನಂಟು ಗೊತ್ತಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ಟಾಟು ಅವರ ತಂಡ ಪಶುವೈದ್ಯ ಸಂಸ್ಥೆಗಳೊಂದಿಗೆ ಸೇರಿ ಈ ಕೆಲಸ ಮಾಡಿತು. ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ, ಕರ್ನಾಟಕದ ದನಗಳಿಂದ ತಂದ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ 22 ಮಾದರಿಗಳ ವೈರಾಣು ಬರಹವನ್ನು ಪೂರ್ತಿ ಓದಿತು. ಕಂಡದ್ದು ಒಂದಲ್ಲ, ಎರಡು ಬಗೆಯ ವೈರಾಣು. ಒಂದು 2019ರ ರಾಂಚಿ, 2020ರ ಹೈದರಾಬಾದಿನದಕ್ಕೆ ಹತ್ತಿರ. ಇನ್ನೊಂದರಲ್ಲಿ ಬದಲಾವಣೆಗಳು ವಿಪರೀತ. ಅದರ ಹೋಲಿಕೆ 2015ರ ರಷ್ಯಾದ ವೈರಾಣುವಿನೊಂದಿಗೆ. ಒಂದೇ ಪಿಡುಗು ಎಂದು ನಾವೆಲ್ಲ ಕಂಡದ್ದರೊಳಗೆ ಎರಡು ಕವಲುಗಳಿದ್ದವು.

ರಾಂಚಿಯ ಹೆಸರು ಇನ್ನೊಂದು ಕಡೆಯೂ ಬರುತ್ತದೆ. ಅಲ್ಲಿ 2019ರಲ್ಲಿ ಸಿಕ್ಕ ವೈರಾಣುವನ್ನೇ ಪಳಗಿಸಿ ಹಿಸಾರ್ ಮತ್ತು ಇಜ್ಜತ್‌ನಗರದ ವಿಜ್ಞಾನಿಗಳು 2022ರಲ್ಲಿ ಲಂಪಿ-ಪ್ರೊವ್ಯಾಕ್ ಲಸಿಕೆ ಸಿದ್ಧಪಡಿಸಿದರು. ರೋಗ ಇನ್ನೂ ಸಣ್ಣದಾಗಿದ್ದಾಗ ಯಾರೋ ಒಬ್ಬರು ಮಾದರಿ ತೆಗೆದು ಜೋಪಾನ ಮಾಡಿದ್ದರ ಫಲವಿದು. ದೊಡ್ಡ ಪ್ರಯೋಗಾಲಯಗಳಷ್ಟೇ ಈ ಮೊದಲ ಕೈಯೂ ಮುಖ್ಯ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹೋಬಳಿಯ ಪಶು ಆಸ್ಪತ್ರೆಯಲ್ಲಿ ವೈದ್ಯರ ಹುದ್ದೆ ಖಾಲಿ ಬಿದ್ದಿದ್ದರೆ, ಮಾದರಿಯನ್ನು ತಣ್ಣಗೆ ಸಾಗಿಸುವ ಪೆಟ್ಟಿಗೆಯೇ ಇಲ್ಲದಿದ್ದರೆ, ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿಯಲ್ಲಿ ಎಂಥ ಯಂತ್ರವಿದ್ದರೂ ಓದಲು ಏನೂ ಇರುವುದಿಲ್ಲ. ಹುದ್ದೆ ತುಂಬುವುದು, ಪೆಟ್ಟಿಗೆ ಒದಗಿಸುವುದು ಮಳೆಗಾಲಕ್ಕೆ ಮುಂಚೆ ಆಗಬೇಕಾದ ಕೆಲಸ. ದನ ಸತ್ತ ಮೇಲೆ ಕೊಡುವ ಪರಿಹಾರಕ್ಕಿಂತ ಇದರ ಖರ್ಚು ದೊಡ್ಡದಲ್ಲ.