ವಿಹಾರವೂ ಯಾತ್ರೆಯೂ

ವಿಹಾರವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢವಾಗಿವೆ. ಮನಸ್ಸಿನ ಉಲ್ಲಾಸಕ್ಕಾಗಿ ಕೈಗೊಳ್ಳುವ ತಿರುಗಾಟ ಒಂದು. ಬೌದ್ಧ ಭಿಕ್ಷುಗಳ ವಾಸಸ್ಥಾನ ಇನ್ನೊಂದು. ಭೋಗಕ್ಕೂ ತ್ಯಾಗಕ್ಕೂ ಒಂದೇ ಹೆಸರು ಸಂದಿರುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ತೋರಬಹುದು. ದಸರೆಯ ರಜೆಯಲ್ಲಿ ಮಹಾನಗರದಿಂದ ಮಡದಿಮಕ್ಕಳೊಡನೆ ಹೊರಟ ಗೃಹಸ್ಥನಿಗೆ ಈ ಎರಡು ಅರ್ಥಗಳೂ ಒಂದೆಡೆ ಎದುರಾಗುವ ಊರೊಂದಿದೆ. ಅದು ಆಂಧ್ರದ ವಿಶಾಖಪಟ್ಟಣ. ವಿಹಾರಕ್ಕೆಂದು ಹೋದವನಿಗೆ ಯಾತ್ರೆಯ ಫಲ ಉಂಟೆ? ಅಥವಾ ದೇವರ ದರ್ಶನಕ್ಕೆಂದು ಹೊರಟರೆ ಮಾತ್ರ ಅದು ಯಾತ್ರೆಯೆ? ಈ ಜಿಜ್ಞಾಸೆಗೆ ಆ ಕಡಲತೀರ ತಕ್ಕ ನೆಲೆಯಾಗಿದೆ.

ಅಲ್ಲಿಯ ಜನ ಸಂಜೆ ಸೇರುವ ತೀರಕ್ಕೆ ಆರ್.ಕೆ. ಬೀಚ್ ಎಂದು ಹೆಸರು. ದಡದ ಮೇಲಿರುವ ರಾಮಕೃಷ್ಣ ಮಿಷನ್ನಿನ ಆಶ್ರಮದಿಂದ ಬಂದ ಹೆಸರದು. ಎರಡು ಅಕ್ಷರಗಳಾಗಿ ಕುಗ್ಗಿದ ಮೇಲೆ ಪರಮಹಂಸರ ಸ್ಮರಣೆ ಎಷ್ಟು ಮಂದಿಗೆ ಬಂದೀತು? ಅಲ್ಲಿಂದ ಭೀಮುನಿಪಟ್ಟಣದ ಹಾದಿಯಲ್ಲಿ ಸುಮಾರು 15 ಕಿಲೋಮೀಟರ್ ಸಾಗಿದರೆ, ಸಮುದ್ರಮಟ್ಟದಿಂದ 128 ಮೀಟರ್ ಎತ್ತರದಲ್ಲಿ ತೊಟ್ಲಕೊಂಡವೆಂಬ ಗುಡ್ಡವಿದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಭಿಕ್ಷುಗಳ ವಿಹಾರವಿತ್ತು. ಸ್ತೂಪಗಳ ಅಡಿಪಾಯ, ಸಾಲುಸಾಲಾದ ಕಿರುಕೋಣೆಗಳ ಗೋಡೆ, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು ಇಂದಿಗೂ ಉಳಿದಿವೆ. ಆ ತೊಟ್ಟಿಗಳಿಂದಲೇ ಗುಡ್ಡಕ್ಕೆ ಹೆಸರು ಬಂದಿತು. ಕನ್ನಡಿಗನಿಗೆ ಆ ಮಾತು ಅನುವಾದವಿಲ್ಲದೆ ತಿಳಿಯುತ್ತದೆ. ನೆರೆಯ ಬಾವಿಕೊಂಡದ ಹೆಸರೂ ಅಂತೆಯೇ. ಬಾವಿ ತೊಟ್ಟಿಗಳಲ್ಲಿ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಬದುಕಿದ ಆ ವಿರಕ್ತರು ಜನದಿಂದ ದೂರ ಓಡಿದವರಲ್ಲ. ಅಲ್ಲಿ ದೊರೆತ ಶಾತವಾಹನರ ಮತ್ತು ರೋಮಿನ ನಾಣ್ಯಗಳು ಕಡಲ ವ್ಯಾಪಾರದ ಲೋಕ ಅವರಿಗೆ ಹತ್ತಿರವಿದ್ದುದನ್ನು ಹೇಳುತ್ತವೆ.

ಅನಂತರ ಆ ವಿಹಾರ ಮರೆತುಹೋಯಿತು. 1976ರಲ್ಲಿ ನೌಕಾಪಡೆಯ ವೈಮಾನಿಕ ಸಮೀಕ್ಷೆಯ ವೇಳೆ ಅದು ಕಣ್ಣಿಗೆ ಬಿತ್ತು. 1988ರಿಂದ ರಾಜ್ಯದ ಪುರಾತತ್ವ ಇಲಾಖೆ ಉತ್ಖನನ ನಡೆಸಿತು. ಅಗೆದು ತೆಗೆದದ್ದೂ ಶಾಶ್ವತವಲ್ಲ. 2019ರ ಅಕ್ಟೋಬರಿನ ಭಾರಿ ಮಳೆಗೆ ಮಹಾಸ್ತೂಪದ ಒಂದು ಭಾಗ ಕುಸಿದು, ಅದನ್ನು ಪುನಃ ಕಟ್ಟಬೇಕಾಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಪೂಜೆಯಿಲ್ಲದ, ಗಂಟೆ ತೀರ್ಥಗಳಿಲ್ಲದ ಪಾಳುಗೋಡೆಯ ಮುಂದೆ ಭಕ್ತಿಯೆಲ್ಲಿಯದು? ಅದನ್ನು ಪ್ರೇಕ್ಷಣೀಯ ಸ್ಥಳವೆಂದು ನೋಡಿ ಹಿಂದಿರುಗಿದರೆ ಸಾಲದೆ? ಇದಕ್ಕೆ ಉತ್ತರ ಅದೇ ನಗರದ ಸಿಂಹಾಚಲದಲ್ಲಿದೆ. ಅಲ್ಲಿಯ ವರಾಹ ಲಕ್ಷ್ಮೀನೃಸಿಂಹಸ್ವಾಮಿಯ ಮೂರ್ತಿ ಸದಾ ಶ್ರೀಗಂಧದ ಲೇಪದಿಂದ ಮುಚ್ಚಿರುತ್ತದೆ. ನಿಜರೂಪದ ದರ್ಶನ ವರ್ಷಕ್ಕೊಮ್ಮೆ, ಅಕ್ಷಯ ತೃತೀಯೆಯಂದು ಮಾತ್ರ. ಉಳಿದ ದಿನಗಳಲ್ಲಿ ಹೋದ ಭಕ್ತ ಕಾಣದ ರೂಪಕ್ಕೇ ಕೈಮುಗಿದು ತೃಪ್ತನಾಗಿ ಬರುತ್ತಾನೆ. ಚಂದನದ ಹಿಂದಿರುವುದನ್ನು ನಂಬಬಲ್ಲವನು, ಕಲ್ಲುಮಣ್ಣಿನ ಹಿಂದೆ ಒಮ್ಮೆ ನಡೆದ ಧ್ಯಾನವನ್ನು, ತಪಸ್ಸನ್ನು ನಂಬಲಾರನೆ?

ಸಿಂಹಾಚಲವನ್ನು ಕನ್ನಡಿಗರು ಮತ್ತೊಂದು ಕಾರಣಕ್ಕೂ ನೆನೆಯಬೇಕು. ಕಳಿಂಗದ ಗಜಪತಿಯ ಮೇಲೆ ದಂಡಯಾತ್ರೆ ಕೈಗೊಂಡ ಶ್ರೀಕೃಷ್ಣದೇವರಾಯ 1516ರಲ್ಲಿ ಈ ಬೆಟ್ಟಕ್ಕೆ ಬಂದು, ದೇವರಿಗೆ ಆಭರಣಗಳನ್ನು ಒಪ್ಪಿಸಿದ ಸಂಗತಿಯನ್ನು ಅಲ್ಲಿಯ ಶಾಸನ ಸಾರುತ್ತದೆ. ದಂಡಯಾತ್ರೆಗೆ ಹೊರಟವನು ಬೆಟ್ಟದ ಮೇಲೆ ತೀರ್ಥಯಾತ್ರಿಯಾದನು. ಈ ಯುದ್ಧದಿಂದ ಹಿಂದಿರುಗಿದ ಮೇಲೆ ಕಟ್ಟಿಸಿದ ವಿಜಯದ ಮನೆಯೆಂದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವರ್ಣಿಸಿರುವುದು ಹಂಪೆಯ ಮಹಾನವಮಿ ದಿಬ್ಬವನ್ನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಕೃಷ್ಣೆಯ ಉತ್ತರಕ್ಕೆ ಗೆದ್ದ ನೆಲವನ್ನು ರಾಯನು ಸಂಧಿಯಲ್ಲಿ ಗಜಪತಿಗೇ ಹಿಂದಿರುಗಿಸಿದನು. 1565ರ ಯುದ್ಧದ ಬಳಿಕ ರಾಜಧಾನಿಯೇ ಹಾಳಾಯಿತು. ದಿಬ್ಬ ಬರಿಯ ಕಲ್ಲಿನ ಜಗಲಿಯಾಯಿತು. ಆದರೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಉತ್ಸವವನ್ನು ಮತ್ತೆ ಆರಂಭಿಸಿದರು. ಅದು ಮೈಸೂರಿನಲ್ಲಿ ನಾಡಹಬ್ಬವಾಗಿ ಬೆಳೆಯಿತು. ಗೆದ್ದದ್ದು ಹೋಯಿತು, ಕಟ್ಟಿದ್ದು ಬಿದ್ದಿತು. ದೇವರಿಗೆ ಕೊಟ್ಟದ್ದರ ನೆನಪು ಉಳಿಯಿತು. ಹೊತ್ತು ಸಾಗಿಸುವವರು ದೊರೆತದ್ದರಿಂದ ಹಬ್ಬವೂ ಉಳಿಯಿತು. ದೂರದ ಮಹಾನಗರದ ಸಣ್ಣ ಮನೆಯಲ್ಲಿ ಗೊಂಬೆ ಕೂರಿಸುವ ಕನ್ನಡದ ಗೃಹಿಣಿಯೂ ಆ ಹೊರುವವರ ಸಾಲಿನಲ್ಲಿಯೇ ನಿಂತಿದ್ದಾಳೆ.

ವಿಶಾಖಪಟ್ಟಣದಿಂದ ಹಿಂದಿರುಗುವ ದಾರಿಯಲ್ಲಿ ವಿಜಯವಾಡದಲ್ಲಿ ಇಳಿದರೆ ಈ ಮಾತಿಗೆ ಇನ್ನಷ್ಟು ಪುಷ್ಟಿ ದೊರೆಯುತ್ತದೆ. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ಕೃಷ್ಣೆ ಅಲ್ಲಿ ಇಂದ್ರಕೀಲಾದ್ರಿಯ ಪಾದದಲ್ಲಿ ಹರಿಯುತ್ತಾಳೆ. ಬೆಟ್ಟದ ಮೇಲೆ ಕನಕದುರ್ಗೆಯ ಸನ್ನಿಧಿ. ನವರಾತ್ರಿಯಲ್ಲಿ ದೇವಿಗೆ ದಿನಕ್ಕೊಂದು ಅಲಂಕಾರ. ವಿಜಯದಶಮಿಯಂದು ಹಂಸವಾಹನದ ತೆಪ್ಪೋತ್ಸವ. ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಇದೇ ಬೆಟ್ಟದಲ್ಲಿ ಎಂದು ಸ್ಥಳಪುರಾಣ ಹೇಳುತ್ತದೆ. ಅಂಥ ಅರ್ಜುನನೂ ಬೇಡನ ವೇಷದಲ್ಲಿ ಬಂದ ಶಿವನನ್ನು ಗುರುತಿಸದೆ ಒಂದು ಹಂದಿಗಾಗಿ ಕಾದಾಡಿದನು. ತಾನು ಮಣ್ಣಿನ ಲಿಂಗಕ್ಕೆ ಏರಿಸಿದ ಹೂವು ಬೇಡನ ಮುಡಿಯಲ್ಲಿ ಕಂಡಾಗಲೇ ಅವನಿಗೆ ಅರಿವಾದದ್ದು. ಅಲಂಕಾರವಿಲ್ಲದ ರೂಪದಲ್ಲಿ ಪವಿತ್ರವಾದುದು ಎದುರಾದರೆ ಮನುಷ್ಯ ಗುರುತಿಸಲಾರ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಗುರುತಿಸುವುದಕ್ಕೆ ಶ್ರದ್ಧೆಯ ಜೊತೆಗೆ ತಿಳಿವೂ ಬೇಕು. ಅನಕಾಪಲ್ಲಿಯ ಬಳಿಯ ಶಂಕರಂ ಎಂಬ ಊರಿನ ಹೆಸರು ಸಂಘಾರಾಮವೆಂಬುದರ ರೂಪಾಂತರ. ಅಲ್ಲಿಯ ಗುಡ್ಡವೊಂದರ ಮೇಲೆ ಬಂಡೆಯಲ್ಲಿ ಕಡೆದ ಸಾಲುಸಾಲು ಸ್ತೂಪಗಳು ಲಿಂಗಗಳಂತೆ ತೋರಿದ್ದರಿಂದ ಜನ ಅದನ್ನು ಲಿಂಗಾಲಕೊಂಡವೆಂದು ಕರೆದರು. ಇತಿಹಾಸದ ಲೆಕ್ಕದಲ್ಲಿ ಅದು ತಪ್ಪು. ಆದರೆ ಕಟ್ಟಿದವರನ್ನು ಮರೆತ ಮೇಲೂ ಆ ಕಲ್ಲಿನಲ್ಲಿ ಪೂಜ್ಯತೆಯನ್ನು ಕಂಡ ದೃಷ್ಟಿ ತಪ್ಪಲ್ಲ. ಲಿಂಗವೆಂದು ಕೈಮುಗಿದ ಹಳ್ಳಿಗನಿಗಿಂತ, ಸ್ತೂಪವೆಂದು ತಿಳಿದೂ ಅದರ ಮೇಲೆ ತನ್ನ ಹೆಸರನ್ನು ಕೆತ್ತುವ ವಿದ್ಯಾವಂತ ಮೇಲಾದವನೆಂದು ಯಾರು ಹೇಳಿಯಾರು?

ವರ್ಷವೆಲ್ಲ ದುಡಿದವನು ನಾಲ್ಕು ದಿನ ಕಡಲ ಗಾಳಿಗೆ ಮೈಯೊಡ್ಡುವುದು ಪಾಪವಲ್ಲ. ಸಂತೋಷವನ್ನು ಶಂಕಿಸುವ ಧರ್ಮ ಗೃಹಸ್ಥನಿಗೆ ಹೇಳಿಸಿದ್ದಲ್ಲ. ವಿಹಾರವನ್ನು ಯಾತ್ರೆಯಿಂದ ಬೇರ್ಪಡಿಸುವುದು ಸ್ಥಳವೂ ಅಲ್ಲ, ಸುಖವೂ ಅಲ್ಲ, ಋಣಭಾವ. ಸಲ್ಲಿಸಿದ ಹಣಕ್ಕೆ ಸರಿಯಾದ ನೋಟ ದೊರೆಯಿತೆ ಎಂದು ಲೆಕ್ಕ ಹಾಕುವವನು ಸನ್ನಿಧಿಯಲ್ಲಿ ನಿಂತರೂ ವಿಹಾರಿಯೇ. ತೊಟ್ಟಿ ತೋಡಿದವರಿಗೆ, ಕುಸಿದ ಇಟ್ಟಿಗೆಯನ್ನು ಮತ್ತೆ ಜೋಡಿಸಿದವರಿಗೆ, ಬಿಸಿಲಿನಲ್ಲಿ ಆ ಗುಡ್ಡವನ್ನು ಗುಡಿಸುವವರಿಗೆ ತಾನು ಋಣಿಯೆಂದು ಬಗೆದವನು ಮರಳಿನ ಮೇಲೆ ಕುಳಿತರೂ ಯಾತ್ರಿಕನೇ. ಅವನು ಅಲ್ಲಿ ಕಸ ಬಿಟ್ಟು ಬರುವುದಿಲ್ಲ, ತಿಳಿದುಕೊಳ್ಳದೆ ಹಿಂದಿರುಗುವುದಿಲ್ಲ.

ಜೊತೆಗೆ ಬಂದ ಮಕ್ಕಳು ಇಸವಿಗಳನ್ನು ಮರೆತಾರು, ರಾಜರ ಹೆಸರುಗಳನ್ನೂ ಮರೆತಾರು. ಪಾಳುಗೋಡೆಯ ಮುಂದೆ ತಂದೆತಾಯಿಗಳು ಹೇಗೆ ನಿಂತಿದ್ದರೆಂಬುದನ್ನು ಮರೆಯಲಾರರು. ಮಹಾನವಮಿಯ ದಿಬ್ಬ ಬರಿದಾದ ಮೇಲೂ ಹಬ್ಬ ಬದುಕಿ ಬಂದದ್ದು ಇಂಥ ಮಕ್ಕಳ ಕಣ್ಣುಗಳಲ್ಲಿಯೇ.